ಹಕ್ಕೂ ಔಚಿತ್ಯವೂ

ದೇವರಿಗೊಂದು ಮನೆ ಕಟ್ಟಬೇಕೆಂದು ಹತ್ತು ಜನ ಸಂಕಲ್ಪಿಸಿದಾಗ ಎರಡು ಪ್ರಶ್ನೆಗಳು ಒಟ್ಟಿಗೇ ಹುಟ್ಟುತ್ತವೆ. ಇಲ್ಲಿ ಕಟ್ಟುವ ಹಕ್ಕು ನಮಗುಂಟೆ ಎಂಬುದು ಮೊದಲನೆಯದು. ಇಲ್ಲಿ ಕಟ್ಟುವುದು ಉಚಿತವೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಹೇಳಲು ದಸ್ತಾವೇಜುಗಳಿವೆ, ಪಂಚಾಯತು ಕಚೇರಿಯಿದೆ, ನ್ಯಾಯಾಲಯವಿದೆ. ಎರಡನೆಯದಕ್ಕೆ ಉತ್ತರವನ್ನು ನೆರೆಹೊರೆಯವರು ತಮ್ಮತಮ್ಮೊಳಗೇ ಕಂಡುಕೊಳ್ಳಬೇಕು. ಈ ಎರಡು ಪ್ರಶ್ನೆಗಳನ್ನು ಬೆರೆಸಿಬಿಡುವುದರಿಂದಲೇ ಎಷ್ಟೋ ಕಲಹಗಳು ಹುಟ್ಟಿವೆಯೆಂಬುದು ನನ್ನ ಅಭಿಪ್ರಾಯ. ಹಕ್ಕುಳ್ಳವನು “ಕಾಗದ ನೋಡಿ” ಎನ್ನುತ್ತಾನೆ. ನೊಂದವನು “ಮನಸ್ಸು ನೋಡಿ” ಎನ್ನುತ್ತಾನೆ. ಇಬ್ಬರು ಹೇಳುವುದೂ ನಿಜ. ಆದರೆ ಒಬ್ಬನ ಮಾತು ಇನ್ನೊಬ್ಬನ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಕಾಸರಗೋಡಿನ ಕಡೆಯವರಾದ ನಮಗೆ ಈ ವಿಷಯ ದೂರದ್ದಲ್ಲ. ದೇವಸ್ಥಾನ, ದೈವಸ್ಥಾನ, ಭಜನಾ ಮಂದಿರ, ಮಸೀದಿ, ಇಗರ್ಜಿಗಳು ಒಂದೆರಡು ಮೈಲಿಗಳೊಳಗೆ ಕಾಣಸಿಗುವ ಊರುಗಳು ನಮ್ಮವು. ಮನೆಯಲ್ಲಿ ಒಂದು ನುಡಿ, ಪೇಟೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು. ಭಾಷಾ ಅಲ್ಪಸಂಖ್ಯಾತರಾದ ನಾವು ಹಕ್ಕಿನ ಬೆಲೆಯನ್ನೂ ಬಲ್ಲೆವು, ಬಹುಸಂಖ್ಯಾತರ ಮನಸ್ಸಿನ ಭಾರವನ್ನೂ ಬಲ್ಲೆವು. ಆದುದರಿಂದ ಈ ಪ್ರಶ್ನೆಯನ್ನು ಎರಡು ಬದಿಗಳಿಂದಲೂ ನೋಡುವ ಯೋಗ್ಯತೆ ನಮಗೆ ತಕ್ಕಮಟ್ಟಿಗೆ ಇದೆಯೆಂದು ಭಾವಿಸುತ್ತೇನೆ.

ಮೊದಲು ಕಾನೂನಿನ ಮಾತು. ನಮ್ಮ ಸಂವಿಧಾನದ 25ನೆಯ ವಿಧಿಯು ಪ್ರತಿಯೊಬ್ಬನಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ತನ್ನ ಧರ್ಮವನ್ನು ಆಚರಿಸುವ ಹಕ್ಕನ್ನೂ ಕೊಟ್ಟಿದೆ. 26ನೆಯ ವಿಧಿಯು ಧಾರ್ಮಿಕ ಪಂಗಡಗಳಿಗೆ ತಮ್ಮ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಈ ಹಕ್ಕುಗಳು ಸಾರ್ವಜನಿಕ ಸುವ್ಯವಸ್ಥೆ, ನೀತಿ ಹಾಗೂ ಆರೋಗ್ಯಗಳಿಗೆ ಒಳಪಟ್ಟವು. ಸಾರ್ವಜನಿಕ ರಸ್ತೆ, ಉದ್ಯಾನ ಮೊದಲಾದೆಡೆಗಳಲ್ಲಿ ಯಾವ ಮತದ ಆರಾಧನಾಲಯವನ್ನೂ ಅನಧಿಕೃತವಾಗಿ ಕಟ್ಟಲು ಬಿಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2009ರ ಸೆಪ್ಟೆಂಬರಿನಲ್ಲಿ ಆಜ್ಞಾಪಿಸಿತು. ಎಲ್ಲರ ನೆಲದಲ್ಲಿ ಕದ್ದು ಕಟ್ಟುವವನಿಗೆ ಹಕ್ಕೇ ಇಲ್ಲ. ಅವನ ವಿಷಯ ಇಲ್ಲಿ ನಮಗೆ ಬೇಡ. ಸ್ವಂತ ನೆಲದಲ್ಲಿ, ಅನುಮತಿ ಪಡೆದು ಕಟ್ಟಹೊರಟವನಿಗೆ “ನಮ್ಮ ಮನಸ್ಸು ನೋಯುತ್ತದೆ, ಬೇಡ” ಎಂದು ನೆರೆಯವನು ಹೇಳಿದರೆ ಏನು ಮಾಡಬೇಕು? ನಮ್ಮ ಪ್ರಶ್ನೆ ಅದು.

ತಿಳಿದುದರಿಂದ ತಿಳಿಯದುದರ ಕಡೆಗೆ ಮಗುವನ್ನು ನಡೆಸಬೇಕೆಂದು ಅಧ್ಯಾಪಕ ತರಬೇತಿ ಶಾಲೆಯಲ್ಲಿ ನಮಗೆ ಕಲಿಸಿದ್ದರು. ಅದೇ ಕ್ರಮದಲ್ಲಿ ನಾನು ಕಣ್ಣಾರೆ ಕಂಡ ಸಂಗತಿಯೊಂದನ್ನು ಮೊದಲು ಹೇಳುತ್ತೇನೆ.

2011ರಲ್ಲಿ ನಮ್ಮೂರಿನ ತರುಣರು ಭಜನಾ ಮಂದಿರವೊಂದನ್ನು ಕಟ್ಟಲು ಮುಂದಾದರು. ಅಡಿಕೆ ಕೃಷಿಕರೊಬ್ಬರು ಹತ್ತು ಸೆಂಟ್ಸು ಜಾಗವನ್ನು ದಾನಪತ್ರ ಬರೆದು ಕೊಟ್ಟಿದ್ದರು. ಆ ಜಾಗದ ಪಡುಬದಿಯ ಗೋಡೆಯಾಚೆ ಮುಸಲ್ಮಾನ ಬಾಂಧವರ ಕಬರಸ್ಥಾನ. ಮಂದಿರ ಕಟ್ಟಲೇಬಾರದೆಂದು ಒಂದು ಅರ್ಜಿ ಹೋಯಿತು. ರುಜು ಹಾಕಿದವರಲ್ಲಿ ಅನೇಕರು ನಮ್ಮೂರಿನವರೇ ಅಲ್ಲ. ಇತ್ತ ತರುಣರು, ದಾನಪತ್ರವಿರುವಾಗ ಯಾರ ಮಾತನ್ನೂ ಕೇಳುವ ಅಗತ್ಯವಿಲ್ಲವೆಂದು ಪಟ್ಟು ಹಿಡಿದರು. ಎರಡೂ ಕಡೆಯವರ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕಲಿಯುವ ಸ್ಥಳವೆಂಬ ಕಾರಣದಿಂದ ಮಾತುಕತೆ ನಮ್ಮ ಶಾಲೆಯ ಜಗಲಿಯಲ್ಲಿ ನಡೆಯಿತು.

ಎರಡು ಗಂಟೆಗಳ ಕಾಲ ಗಂಡಸರು ಕಾಗದಗಳ ಬಗೆಗೇ ಮಾತಾಡಿದರು. ಆಗ ಬ್ಯಾರಿ ಸಮುದಾಯದ ವೃದ್ಧೆಯೊಬ್ಬರು ಮೆಟ್ಟಲ ಬಳಿ ನಿಂತು ನನ್ನನ್ನು ಕರೆದರು. “ಮಾಷ್ಟ್ರೇ, ಮಂದಿರ ಬೇಡ ಅಂತ ನಾನು ಹೇಳುವುದಿಲ್ಲ. ನನ್ನ ಮಗ ಆ ಗೋಡೆಯ ಆಚೆ ಮಲಗಿದ್ದಾನೆ. ಶುಕ್ರವಾರ ನಾನು ದಾರಿಯಲ್ಲಿ ನಿಂತು ಅವನಿಗಾಗಿ ದುವಾ ಮಾಡಿ ಹೋಗುತ್ತೇನೆ. ಆ ಹೊತ್ತಿಗೆ ಮೈಕು ಇಲ್ಲದಿದ್ದರೆ ಸಾಕು.” ಸಭೆ ನಿಶ್ಶಬ್ದವಾಯಿತು. ಮಂದಿರ ಸಮಿತಿಯ ಹಿರಿಯರೊಬ್ಬರು ತರುಣರ ಕಡೆ ತಿರುಗಿ, “ಅರ್ಜಿಗೆ ನೀವು ಉತ್ತರ ಕೊಟ್ಟಿದ್ದೀರಿ, ಸರಿ. ಈ ಅಮ್ಮನಿಗೆ ಏನು ಉತ್ತರ ಕೊಡುತ್ತೀರಿ?” ಎಂದರು.

ಮಂದಿರ ಅದೇ ಜಾಗದಲ್ಲಿ ಎದ್ದಿತು. ಆದರೆ ಬಾಗಿಲು ಮೂಡಣಕ್ಕಾಯಿತು; ಶುಕ್ರವಾರ ಮಧ್ಯಾಹ್ನವೂ ದಫನದ ಹೊತ್ತಿನಲ್ಲಿಯೂ ಮೈಕು ಹಾಕುವುದಿಲ್ಲವೆಂದು ತರುಣರೇ ನಿಶ್ಚಯಿಸಿದರು. ಕಲ್ಲು, ಹೊಯ್ಗೆ ತರುವ ಲಾರಿಗಳಿಗೆ ಜಮಾತಿನವರು ತಮ್ಮ ಸ್ಥಳದಲ್ಲಿ ದಾರಿ ಬಿಟ್ಟುಕೊಟ್ಟರು. ಕಟ್ಟಲೇಬೇಡಿರೆಂಬ ಬಲವಂತಕ್ಕೆ ಯಾರೂ ಬಗ್ಗಲಿಲ್ಲ. ನೋವಿನ ಮಾತೊಂದಕ್ಕೆ ಎಲ್ಲರೂ ಬಾಗಿದರು. ಇವೆರಡಕ್ಕೂ ಇರುವ ಅಂತರವನ್ನು ವಾಚಕರು ಗಮನಿಸಬೇಕು.

ಇನ್ನು ದೂರದ ಎರಡು ನಿದರ್ಶನಗಳು. ಪೋಲೆಂಡಿನ ಆಶ್ವಿಟ್ಸ್ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಸುಮಾರು 11 ಲಕ್ಷ ಜನರನ್ನು ಕೊಂದರು. ಅವರಲ್ಲಿ ಸುಮಾರು 10 ಲಕ್ಷ ಮಂದಿ ಯೆಹೂದ್ಯರು. 1984ರಲ್ಲಿ ಕ್ಯಾಥೋಲಿಕ್ ಮತದ ಕಾರ್ಮೆಲೈಟ್ ಪಂಥದ ಸಂನ್ಯಾಸಿನಿಯರು ಆ ಶಿಬಿರದ ಗೋಡೆಗೆ ತಾಗಿಕೊಂಡಿದ್ದ ಹಳೆಯ ಕಟ್ಟಡವೊಂದನ್ನು ಮಠವನ್ನಾಗಿ ಮಾಡಿಕೊಂಡರು. ಅವರಿಗೆ ಸರಕಾರದ ಅನುಮತಿಯಿತ್ತು. ಅವರ ಉದ್ದೇಶ ಮೃತರ ಆತ್ಮಗಳಿಗಾಗಿ ಪ್ರಾರ್ಥಿಸುವುದಷ್ಟೆ. ಆದರೆ ವಿಷಾನಿಲದ ಡಬ್ಬಿಗಳನ್ನು ಯುದ್ಧಕಾಲದಲ್ಲಿ ಇರಿಸುತ್ತಿದ್ದುದು ಅದೇ ಕಟ್ಟಡದಲ್ಲಿ. ತಮ್ಮವರ ಮಹಾಸ್ಮಶಾನದ ಅಂಚಿನಲ್ಲಿ ಬೇರೊಂದು ಮತದ ಮಠ ನೆಲೆಸುವುದು ತಮ್ಮವರ ಮರಣದ ಅರ್ಥವನ್ನೇ ಮರೆಸಿಬಿಡಬಹುದೆಂದು ಯೆಹೂದ್ಯರು ನೊಂದುಕೊಂಡರು. ಅತ್ತ ಪೋಲೆಂಡಿನವರಿಗೂ ಅದು ತಮ್ಮ ಎಪ್ಪತ್ತು ಸಾವಿರಕ್ಕೂ ಮಿಕ್ಕ ಜನ ಮಡಿದ ನೆಲವಾಗಿತ್ತು.

1987ರಲ್ಲಿ ಜಿನೀವಾದಲ್ಲಿ ಎರಡೂ ಕಡೆಯ ಧರ್ಮನಾಯಕರು ಕಲೆತು, ಎರಡು ವರ್ಷಗಳೊಳಗೆ ಮಠವನ್ನು ಬೇರೆಡೆಗೆ ಸಾಗಿಸುವುದೆಂದು ಒಪ್ಪಿಕೊಂಡರು. ಆ ಅವಧಿ ಕಳೆದರೂ ಕೆಲಸವಾಗಲಿಲ್ಲ. 1989ರಲ್ಲಿ ಪ್ರತಿಭಟನೆ, ತಳ್ಳಾಟ, ಕಟುಭಾಷಣಗಳು ನಡೆದವು. ಕೊನೆಗೆ 1993ರಲ್ಲಿ, ಸ್ವತಃ ಪೋಲೆಂಡಿನವರಾದ ಎರಡನೆಯ ಜಾನ್ ಪಾಲ್ ಪೋಪರು ಸಂನ್ಯಾಸಿನಿಯರಿಗೆ ಪತ್ರ ಬರೆದರು. ಅವರು ಆ ಕಟ್ಟಡವನ್ನು ತೆರವು ಮಾಡಿದರು. ಅವರ ಪ್ರಾರ್ಥನೆ ನಿಲ್ಲಲಿಲ್ಲ, ಸ್ಥಳವಷ್ಟೇ ಬದಲಾಯಿತು. ಇಲ್ಲಿ ನೋವು ಪಟ್ಟವರು ಆ ನೆಲದಲ್ಲಿ ಮಡಿದವರ ಬಂಧುಗಳು. ಬಿಟ್ಟುಕೊಟ್ಟವರು ತಮ್ಮ ಹಿರಿಯರ ಮಾತಿಗೆ ಮನ್ನಣೆಯಿತ್ತು ಬಿಟ್ಟುಕೊಟ್ಟರು. ತಡವಾದರೂ ಇದು ಔಚಿತ್ಯದ ಗೆಲುವೆಂದು ನಾನು ಬಗೆಯುತ್ತೇನೆ.

ಎರಡನೆಯದು ಅಮೆರಿಕದ ನ್ಯೂಯಾರ್ಕ್ ನಗರದ ಸಂಗತಿ. 2001ರ ಸೆಪ್ಟೆಂಬರ್ 11ರ ದಾಳಿಗಳಲ್ಲಿ ಸುಮಾರು ಮೂರು ಸಾವಿರ ಜನರು ಮಡಿದರು. ಅಲ್ಲಿ ನೆಲಕ್ಕುರುಳಿದ ಅವಳಿ ಗೋಪುರಗಳ ಸ್ಥಳದಿಂದ ಎರಡು ಬೀದಿಗಳಾಚೆ, ಪಾರ್ಕ್ ಪ್ಲೇಸ್ ಎಂಬಲ್ಲಿ, ಪ್ರಾರ್ಥನಾಲಯವೂ ಸಭಾಂಗಣವೂ ಈಜುಕೊಳವೂ ಕೂಡಿದ ಮುಸ್ಲಿಂ ಸಾಂಸ್ಕೃತಿಕ ಕೇಂದ್ರವೊಂದನ್ನು ಕಟ್ಟುವ ಯೋಜನೆ 2010ರಲ್ಲಿ ವಿವಾದಕ್ಕೊಳಗಾಯಿತು. ಕಟ್ಟುವವರಿಗೆ ಕಾನೂನಿನ ಬೆಂಬಲವಿತ್ತು. ನಗರದ ಮೇಯರಾಗಿದ್ದ ಮೈಕೆಲ್ ಬ್ಲೂಮ್‌ಬರ್ಗ್ ಅವರ ಹಕ್ಕನ್ನು ಬಹಿರಂಗವಾಗಿ ಎತ್ತಿಹಿಡಿದರು. ಅಧ್ಯಕ್ಷರಾಗಿದ್ದ ಬರಾಕ್ ಒಬಾಮಾ ಹಕ್ಕನ್ನು ಸಮರ್ಥಿಸಿ, ಮರುದಿನವೇ ಅಲ್ಲಿ ಕಟ್ಟುವುದು ವಿವೇಕವೆ ಎಂಬ ಬಗ್ಗೆ ತಾವು ಮಾತಾಡಲಿಲ್ಲವೆಂದರು. ಆಶ್ವಿಟ್ಸಿನ ಮಠದ ದೃಷ್ಟಾಂತವನ್ನೇ ಮುಂದಿಟ್ಟು, ಸಂನ್ಯಾಸಿನಿಯರಂತೆ ಇವರೂ ಸರಿಯಬೇಕೆಂದು ವಾದಿಸಿದವರುಂಟು.

ಮೇಲುನೋಟಕ್ಕೆ ಎರಡೂ ಒಂದೇ ಎಂಬಂತೆ ತೋರುತ್ತದೆ. ಆದರೆ ಸಮಾಧಾನದಿಂದ ವಿಚಾರಿಸಿದರೆ ಭೇದ ಕಾಣುತ್ತದೆ. ನ್ಯೂಯಾರ್ಕಿನಲ್ಲಿ ಮಡಿದವರಲ್ಲಿ ಮುಸಲ್ಮಾನರೂ ಇದ್ದರು. ಮೃತರ ಕುಟುಂಬದವರು ಒಂದೇ ದನಿಯಲ್ಲಿ ಮಾತಾಡಲಿಲ್ಲ. ಕೆಲವರು ಯೋಜನೆಯನ್ನು ವಿರೋಧಿಸಿದರು, ಕೆಲವರು ಬೆಂಬಲಿಸಿದರು. ಕಟ್ಟಹೊರಟವರು ಆ ಪಾತಕದಲ್ಲಿ ಪಾಲಿಲ್ಲದ ಸಾಮಾನ್ಯ ನಾಗರಿಕರು. ಅವರನ್ನು ಸರಿಯಿರೆನ್ನುವುದರ ಹಿಂದೆ, ಆ ಕೃತ್ಯದ ಕಳಂಕ ಇಡೀ ಮತಕ್ಕೆ ಅಂಟಿದೆಯೆಂಬ ಭಾವನೆ ಅಡಗಿತ್ತು. ಅದಕ್ಕಿಂತ ಮುಖ್ಯವಾದ ಸಾಕ್ಷಿ ಇನ್ನೊಂದಿದೆ. ಅದೇ 2010ರಲ್ಲಿ, ನ್ಯೂಯಾರ್ಕಿನಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಟೆನೆಸಿ ರಾಜ್ಯದ ಮರ್ಫ್ರೀಸ್‌ಬರೋ ಎಂಬ ಊರಿನಲ್ಲಿ ಮಸೀದಿಯೊಂದರ ನಿರ್ಮಾಣಕ್ಕೆ ಉಗ್ರ ವಿರೋಧ ಬಂದಿತು. ನಿರ್ಮಾಣಸ್ಥಳದ ಯಂತ್ರಗಳಿಗೆ ಬೆಂಕಿ ಬಿದ್ದಿತು. ಒಕ್ಕೂಟ ನ್ಯಾಯಾಲಯ ಅಡ್ಡಬಂದ ಮೇಲೆ 2012ರಲ್ಲಿ ಆ ಮಸೀದಿ ತೆರೆಯಿತು. ಎರಡು ಬೀದಿಗಳಾಚೆ ಬೇಡವೆಂದರೆ ಅದನ್ನು ಸ್ಥಳದ ಪ್ರಶ್ನೆಯೆಂದು ತಿಳಿಯಬಹುದು. ಸಾವಿರ ಕಿಲೋಮೀಟರಾಚೆಯೂ ಬೇಡವೆಂದರೆ ಅದು ಸ್ಥಳದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ನ್ಯೂಯಾರ್ಕಿನ ಯೋಜನೆ ನೆನೆದ ರೂಪದಲ್ಲಿ ಕೈಗೂಡಲಿಲ್ಲ. ಆ ನಿವೇಶನದಲ್ಲಿ ಮುಂದೆ ವಾಸದ ಮನೆಗಳ ಬಹುಮಹಡಿ ಕಟ್ಟಡ ಎದ್ದಿತು. ಯೆಹೂದ್ಯದ್ವೇಷದ ವಿರುದ್ಧ ಹೋರಾಡಲು 1913ರಲ್ಲಿ ಹುಟ್ಟಿದ ಆಂಟಿ ಡಿಫಮೇಶನ್ ಲೀಗ್ ಎಂಬ ಅಮೆರಿಕದ ಸಂಸ್ಥೆಯು, ಹಕ್ಕಿದ್ದರೂ ಅಲ್ಲಿ ಕಟ್ಟುವುದು ಸರಿಯಲ್ಲವೆಂದು 2010ರಲ್ಲಿ ಹೇಳಿತ್ತು. 2021ರ ಸೆಪ್ಟೆಂಬರಿನಲ್ಲಿ ಅದರ ಮುಖ್ಯಸ್ಥರು, ಅಂದಿನ ನಿಲುವು ತಪ್ಪಾಗಿತ್ತೆಂದು ಬರೆದು ಮುಸಲ್ಮಾನರ ಕ್ಷಮೆ ಕೇಳಿದರು. ಹನ್ನೊಂದು ವರ್ಷಗಳ ಬಳಿಕ ಬಂದ ಆ ಮಾತು ದೊಡ್ಡತನದ್ದು. ಸಂವೇದನೆಯ ಹೆಸರಿನಲ್ಲಿ ಹೇಳಿದ ಮಾತು ಕೂಡ ಅನ್ಯಾಯಕ್ಕೆ ಒತ್ತಾಸೆಯಾಗಬಲ್ಲದೆಂಬುದಕ್ಕೆ ಅದು ನಿದರ್ಶನವೂ ಹೌದು.

ನಮ್ಮ ಕೇರಳದಲ್ಲೇ ನಡೆದ ನಿಲಕ್ಕಲ್ ವಿವಾದ ಹಿರಿಯ ವಾಚಕರಿಗೆ ನೆನಪಿರಬಹುದು. ಶಬರಿಮಲೆಯ ದಾರಿಯಲ್ಲಿರುವ ಆ ಸ್ಥಳದಲ್ಲಿ, ಮಹಾದೇವ ದೇವಸ್ಥಾನದ ಸಮೀಪ, 1983ರ ಮಾರ್ಚಿನಲ್ಲಿ ಕಲ್ಲಿನ ಶಿಲುಬೆಯೊಂದು ದೊರೆಯಿತೆಂಬ ಸುದ್ದಿ ಹಬ್ಬಿತು. ಅಲ್ಲಿ ಇಗರ್ಜಿ ಕಟ್ಟುವ ಪ್ರಯತ್ನವೂ ಅದಕ್ಕೆ ಪ್ರತಿಯಾಗಿ ದೊಡ್ಡ ಚಳವಳಿಯೂ ನಡೆದವು. ಕೆಲವು ತಿಂಗಳು ರಾಜ್ಯವೇ ಕಾದ ಕಾವಲಿಯಂತಾಗಿತ್ತು. ಕಡೆಗೆ ಎರಡೂ ಕಡೆಯ ಮುಖಂಡರು ಕುಳಿತು ಮಾತಾಡಿ, ದೇವಸ್ಥಾನದಿಂದ ದೂರದ ಬೇರೊಂದು ಜಾಗವನ್ನು ಒಪ್ಪಿಕೊಂಡರು. 1984ರಲ್ಲಿ ಅಲ್ಲಿ ತೆರೆದ ಇಗರ್ಜಿ ಬೇರೆಬೇರೆ ಕ್ರೈಸ್ತ ಪಂಗಡಗಳು ಒಟ್ಟುಗೂಡಿ ಕಟ್ಟಿದ್ದು. ಸರಿದು ನಿಂತುದರಿಂದ ಅವರ ಆರಾಧನೆಗೆ ಕುಂದು ಬರಲಿಲ್ಲ. ಯಾತ್ರಿಕರ ದಾರಿಯೂ ಶಾಂತವಾಗಿ ಉಳಿಯಿತು.

ಹಾಗಾದರೆ ಸರಿಯಬೇಕಾದ ಸಂದರ್ಭ ಯಾವುದು, ನಿಲ್ಲಬೇಕಾದ ಸಂದರ್ಭ ಯಾವುದು? ನನಗೆ ತೋರಿದ ಮೂರು ಪ್ರಶ್ನೆಗಳನ್ನು ಮುಂದಿಡುತ್ತೇನೆ. ನೋವನ್ನು ಹೇಳುತ್ತಿರುವವನು ನೊಂದವನೇ, ಅಥವಾ ಅವನ ಹೆಸರಿನಲ್ಲಿ ಮಾತಾಡುವ ಪರವೂರಿನವನೇ? ಬೇರೆ ಜಾಗ ತೋರಿಸಿದರೆ ಅವನ ವಿರೋಧ ಅಡಗುವುದೇ, ಅಥವಾ ಅಲ್ಲಿಗೂ ಬೆನ್ನಟ್ಟಿ ಬರುವುದೇ? ಕಟ್ಟುವವನ ಕೆಲಸದಿಂದ ನೋವಾಗಿದೆಯೇ, ಅಥವಾ ಯಾರೋ ಮಾಡಿದ ಪಾಪವನ್ನು ಅವನ ತಲೆಗೆ ಕಟ್ಟಲಾಗುತ್ತಿದೆಯೇ? ನಮ್ಮೂರಿನ ಅರ್ಜಿಯನ್ನೂ ಆ ವೃದ್ಧೆಯ ಮಾತನ್ನೂ ಈ ಒರೆಗಲ್ಲಿಗೆ ತಿಕ್ಕಿ ನೋಡಿದರೆ ಯಾವುದು ಚಿನ್ನವೆಂಬುದು ತಾನಾಗಿ ತಿಳಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹಕ್ಕು ಮೊದಲು ಭದ್ರವಾಗಿರಬೇಕು. ಸುವ್ಯವಸ್ಥೆ ಕೆಡುತ್ತದೆಂಬ ನೆಪದಿಂದ ಅಧಿಕಾರಿಗಳು ಪ್ರತಿಸಲವೂ ಗದ್ದಲ ಮಾಡುವವನ ಪರವಾಗಿ ನಿಂತರೆ, ಗದ್ದಲವೇ ಕಾನೂನಾಗುತ್ತದೆ. ಇಂದು ನೆರೆಯವನ ಮೇಲೆ ಗೆದ್ದವನು ನಾಳೆ ಇನ್ನೊಂದೂರಿನಲ್ಲಿ ತಾನೇ ಸೋಲುತ್ತಾನೆ. ಹಕ್ಕು ಕೈಯಲ್ಲಿರುವವನು ಮಾತ್ರ ಅದನ್ನು ಸಂತೋಷದಿಂದ ಬಿಟ್ಟುಕೊಡಬಲ್ಲನು. ಕಿತ್ತುಕೊಂಡದ್ದನ್ನು ದಾನವೆಂದು ಯಾರೂ ಕರೆಯುವುದಿಲ್ಲ. ಹಾಗೆಯೇ ಹಕ್ಕಿದೆಯೆಂಬ ಒಂದೇ ಕಾರಣಕ್ಕೆ ನೆರೆಯವಳ ಕಣ್ಣೀರನ್ನು ಕಾಣದೆ ಎಬ್ಬಿಸಿದ ಗೋಡೆಯೊಳಗೆ ಭಕ್ತಿ ಬಹುಕಾಲ ನೆಲೆಸುವುದೆಂದು ನಾನು ನಂಬಲಾರೆ.

ಮಂಜೇಶ್ವರದ ಬಳಿಯ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ದೈವಗಳ ಕ್ಷೇತ್ರವಿದೆ. ಅಲ್ಲಿನ ಜಾತ್ರೆಗೆ ಮುಂಚೆ ದೈವದ ಪಾತ್ರಿಗಳು ಮಸೀದಿಗೆ ಹೋಗಿ ಜಮಾತಿನವರನ್ನು ಆಹ್ವಾನಿಸುವ ಸಂಪ್ರದಾಯ ತಲೆತಲಾಂತರದಿಂದ ನಡೆದುಬಂದಿದೆ. ಜಾತ್ರೆ ನಡೆಸಲು ಮಸೀದಿಯ ಅಪ್ಪಣೆ ಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಅಪ್ಪಣೆ ಬೇಡದಿದ್ದಾಗಲೂ ಮೆಟ್ಟಲು ಹತ್ತಿ ಹೋಗಿ ಕರೆಯುವುದರಲ್ಲಿ ನಮ್ಮ ಹಿರಿಯರು ನೆರೆಹೊರೆಯ ಮರ್ಮವನ್ನು ಕಂಡುಕೊಂಡಿದ್ದರು.

ನಿಮ್ಮೂರಿನಲ್ಲಿ ಮಂದಿರವನ್ನೋ ಮಸೀದಿಯನ್ನೋ ಇಗರ್ಜಿಯನ್ನೋ ಕಟ್ಟುವ ಸಂಕಲ್ಪ ಹುಟ್ಟಿದರೆ ದಸ್ತಾವೇಜನ್ನು ಸರಿಯಾಗಿ ಬರೆಸಿಕೊಳ್ಳಿರಿ, ಅನುಮತಿಯನ್ನು ಕ್ರಮವಾಗಿ ಪಡೆಯಿರಿ. ಆದರೆ ಇಂಜಿನಿಯರರ ಕೈಗೆ ನಕ್ಷೆ ಬರೆಯಲು ಕೊಡುವ ಮುಂಚೆ, ಆ ಜಾಗಕ್ಕೆ ಅತ್ಯಂತ ಸಮೀಪದ ಮನೆಗೆ ಒಮ್ಮೆ ಹೋಗಿ ಕುಳಿತು ಮಾತಾಡಿ ಬನ್ನಿರಿ. ಬಾಗಿಲು ಯಾವ ದಿಕ್ಕಿಗಿರಬೇಕೆಂಬುದು ಆಗ ಸುಲಭವಾಗಿ ತಿಳಿದೀತು.