ಹೊಳೆಯ ಈಚೆಯವರು ಕಂಡ ಇಂಗ್ಲಿಷರು

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಊರಿಗೆ ಬಂದಾಗ ಕೇಳಿದ: "ಸರ್, ಅಲ್ಲಿಯವರು ಇಂಗ್ಲಿಷರೊಡನೆ ಕಾದಾಡಿ ಸ್ವತಂತ್ರರಾದವರು. ಆದರೂ ಇಂಗ್ಲಿಷರ ಮಾತಿನ ಧಾಟಿಗೆ ಮಾರುಹೋಗುತ್ತಾರೆ, ಅವರ ಅರಮನೆಯ ಮದುವೆಗಳನ್ನು ನಸುಕಿನಲ್ಲೆದ್ದು ಟಿವಿಯಲ್ಲಿ ನೋಡುತ್ತಾರೆ. ಇದು ಹೇಗೆ?" ನಿಜವೇ. 1776ರಲ್ಲಿ ಸ್ವಾತಂತ್ರ್ಯ ಘೋಷಿಸಿದ ಆ ದೇಶದ ಶ್ವೇತಭವನಕ್ಕೆ 1814ರಲ್ಲಿ ಇಂಗ್ಲಿಷ್ ಸೈನ್ಯ ಬೆಂಕಿಯಿಟ್ಟಿತ್ತು. ಕಾಲ ಕಳೆದಂತೆ ದೂರದ ಬೆಟ್ಟ ನುಣ್ಣಗಾಗುತ್ತದೆ.

ಅವನ ಪ್ರಶ್ನೆ ನನ್ನನ್ನು ಬೇರೊಂದು ವಿಚಾರಕ್ಕೆ ಹಚ್ಚಿತು. ನಮ್ಮ ಸೀಮೆಯವರು ಇಂಗ್ಲಿಷರನ್ನು ಹೇಗೆ ಕಂಡರು? ಪಠ್ಯಪುಸ್ತಕದಲ್ಲಿ ಕಿತ್ತೂರು, ಹಲಗಲಿಗಳ ಇಂಗ್ಲಿಷರಿದ್ದರು. ನಮ್ಮ ರಾಯಚೂರು ದೋಆಬಿನಲ್ಲಾದರೋ ಅವರು ನೇರವಾಗಿ ಆಳಿದ್ದು 1853ರಿಂದ 1860ರವರೆಗೆ ಮಾತ್ರ. ಉಳಿದಂತೆ ನಿಜಾಮರ ಆಳ್ವಿಕೆ. ನಮಗೆ ಬಿಡುಗಡೆ ದೊರೆತದ್ದೂ 1948ರ ಸೆಪ್ಟೆಂಬರ್ 17ರಂದು. ಹೀಗಾಗಿ ಹಿರಿಯರ ಬಾಯಲ್ಲಿ ರಜಾಕಾರರ ಹಾವಳಿಯ ಕಥೆಗಳೇ ಹೆಚ್ಚು, ಇಂಗ್ಲಿಷರದು ಅಪರೂಪ.

ಸಿಂಧನೂರಿನಿಂದ ತುಂಗಭದ್ರೆಯನ್ನು ದಾಟಿದರೆ ಸಿರುಗುಪ್ಪ. ಅಂದು ಹೊಳೆಯಾಚೆ ಮದ್ರಾಸ್ ಪ್ರಾಂತ, ಈಚೆ ನಿಜಾಮರ ಸೀಮೆ. ಆಚೆಯವರಿಗೆ ಇಂಗ್ಲಿಷರೆಂದರೆ 1800ರಿಂದ 1807ರವರೆಗೆ ಕಲೆಕ್ಟರಾಗಿದ್ದ ಥಾಮಸ್ ಮನ್ರೋ. ಮಂತ್ರಾಲಯದ ರಾಯರು ಅವನಿಗೆ ದರ್ಶನವಿತ್ತರೆಂಬ ನಂಬಿಕೆಯಿದೆ. ಆ ಕಡೆ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟವರೂ ಇದ್ದರು. ಈಚೆ ದಡದಲ್ಲಿ ಅಂಥ ಭಕ್ತಿ ಬೆಳೆಯಲಿಲ್ಲ.

ಲಿಂಗಸೂಗೂರಿನವರು ಕಂಡದ್ದು ಛಾವಣಿಯನ್ನು. ನಿಜಾಮರ ಖರ್ಚು, ಇಂಗ್ಲಿಷ್ ಅಧಿಕಾರಿಗಳ ಹುಕುಂ. ಅದೇ ಹೈದರಾಬಾದ್ ಕಂಟಿಂಜೆಂಟ್ ಪಡೆ. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಮೇಲೆ ಸೈನ್ಯ ಹೊರಟದ್ದು ಇಲ್ಲಿಂದಲೇ. ಬಾಲಕ ದೊರೆಯ ಪರವಾಗಿ ಹಿಂದೆ ಸಂಸ್ಥಾನವನ್ನು ನೋಡಿಕೊಂಡವರು ಮೆಡೋಸ್ ಟೇಲರ್ ಸಾಹೇಬರು. ಹುಡುಗ ತಮ್ಮನ್ನು 'ಅಪ್ಪಾ' ಎನ್ನುತ್ತಿದ್ದನೆಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಸೆರೆಯಾದ ದೊರೆ ದಾರಿಯಲ್ಲಿ ಗುಂಡಿಗೆ ಬಲಿಯಾದರು. ಆತ್ಮಹತ್ಯೆ ಎಂದಿತು ಸರಕಾರ. ನಮ್ಮ ಜನರಲ್ಲಿ ಅನೇಕರು ಇಂದಿಗೂ ಅದನ್ನು ನಂಬುವುದಿಲ್ಲ. ಸುರಪುರದ ಗುಡ್ಡದ ಮೇಲಿನ ಬಂಗಲೆಯನ್ನು ಮಾತ್ರ ಈಗಲೂ 'ಟೇಲರ್ ಮಂಜಿಲ್' ಎಂದೇ ಕರೆಯುತ್ತಾರೆ. ಪ್ರೀತಿ ಮತ್ತು ಸಂಶಯ ಒಂದೇ ಊರಿನಲ್ಲಿ ಕೂಡಿ ಬಾಳಿವೆ.

ಇನ್ನು ಮಸ್ಕಿ. ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಬೀಡನ್ ಎಂಬ ಇಂಗ್ಲಿಷ್ ಎಂಜಿನಿಯರ್ 1915ರಲ್ಲಿ ಇಲ್ಲಿಯ ಬೆಟ್ಟದ ಬಂಡೆಯ ಮೇಲೆ ಬ್ರಾಹ್ಮೀ ಅಕ್ಷರಗಳನ್ನು ಗುರುತಿಸಿದ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದಾಗ 'ದೇವಾನಾಂಪ್ರಿಯ' ಎಂಬ ಬಿರುದಿನೊಂದಿಗೆ 'ಅಶೋಕ' ಎಂಬ ಹೆಸರೇ ಅಲ್ಲಿತ್ತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಇದರಿಂದ ಖಚಿತವಾಯಿತು. ಆ ಲಿಪಿಯನ್ನು 1837ರಲ್ಲಿ ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಕೂಡ ಇಂಗ್ಲಿಷನೇ. ನಮ್ಮ ದನಗಾಹಿಗಳು ಶತಮಾನಗಳಿಂದ ನೋಡುತ್ತ ಬಂದಿದ್ದ ಬಂಡೆಯನ್ನು ಓದುವ ವಿದ್ಯೆಯನ್ನು ನಾವು ಮರೆತಿದ್ದೆವು. ಹಾಗೆಂದು ಇದು ಧರ್ಮಕಾರ್ಯವಾಗಿರಲಿಲ್ಲ. ಹತ್ತಿರದ ಹಟ್ಟಿಯಲ್ಲಿ 1902ರಿಂದ 1920ರವರೆಗೆ ಚಿನ್ನ ತೆಗೆದದ್ದು ಇಂಗ್ಲಿಷ್ ಕಂಪನಿಯೇ.

ತರಗತಿಯಲ್ಲಿ ಮಕ್ಕಳು, "ಸರ್, ಇಂಗ್ಲಿಷರು ಒಳ್ಳೆಯವರೋ ಕೆಟ್ಟವರೋ?" ಎಂದು ಕೇಳುತ್ತಿದ್ದರು. ಜಮೆಯನ್ನೂ ಖರ್ಚನ್ನೂ ಒಂದೇ ಕಾಲಮಿನಲ್ಲಿ ಬರೆಯಬಾರದೆಂದು ನಾನು ಹೇಳುತ್ತಿದ್ದೆ. ಪ್ರಿನ್ಸೆಪ್ಪನ ವಿದ್ಯೆಯಿಂದ ಛಾವಣಿಯ ಪಾಪ ತೊಳೆಯುವುದಿಲ್ಲ. ಛಾವಣಿಯ ಮೇಲಿನ ಸಿಟ್ಟಿಗೆ ಪ್ರಿನ್ಸೆಪ್ಪನ ಉಪಕಾರವನ್ನು ಮರೆಯುವುದೂ ತರವಲ್ಲ. ಬರಿಯ ಮೋಹ, ಬರಿಯ ದ್ವೇಷ ಎರಡೂ ಮನುಷ್ಯರನ್ನು ಸರಿಯಾಗಿ ನೋಡಗೊಡುವುದಿಲ್ಲ.

ಪರಸ್ಥಳಗಳಲ್ಲಿರುವ ನೀವು ರಜೆಗೆ ಬಂದಾಗ ಮಕ್ಕಳಿಗೆ ಮಸ್ಕಿಯ ಬಂಡೆಯನ್ನು ತೋರಿಸಿರಿ. ಅದೇ ಸಲ ಸುರಪುರಕ್ಕೂ ಕರೆದೊಯ್ಯಿರಿ. ಎರಡನ್ನೂ ನೋಡಿದ ಮಕ್ಕಳು ತಾವೇ ವಿಚಾರ ಮಾಡಿಯಾರು.