ಅಟ್ಟದ ಮೇಲಿನ ಮದ್ದು

ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಕೂಡ್ಲಿಗಿ ಸೀಮೆಯಲ್ಲಿ ಮನೆಯೊಳಗೆ ಮಲಗುವ ಗಂಡಸರು ಕಡಿಮೆಯಾಗುತ್ತಾರೆ. ಗುಡೇಕೋಟೆಯ ಬಂಡೆಗಳ ಸಂದಿಯಿಂದ ಕರಡಿ ಇಳಿಯುತ್ತದೆ. ಹಂದಿಗೆ ಬಂಡೆಯೂ ಬೇಡ, ಹಳ್ಳದ ದಂಡೆಯ ಜಾಲಿಪೊದೆ ಸಾಕು. ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆ ಮೆಕ್ಕೆಜೋಳ ತೆನೆ ಕಟ್ಟಿದಾಗಲೂ ಇದೇ ಪಾಡು. ಹಂದಿ ತಿಂದುಹೋದರೆ ರೈತ ಅಷ್ಟು ಮರುಗುವುದಿಲ್ಲ, ಅದು ತಿನ್ನುವುದಕ್ಕಿಂತ ಕೆಡಹುವುದೇ ಹೆಚ್ಚು.

ಆ ಸೀಮೆಯ ಒಬ್ಬ ಅಜ್ಜನ ಮನೆಯಲ್ಲಿ ತಂದೆಯ ಕಾಲದ ಒಂದು ಕೇಪಿನ ಬಂದೂಕು ಇದೆ. ಬೆಳೆ ಕಾಯಲೆಂದು ಪಡೆದ ಪರವಾನಗಿಯೂ ಇದೆ. ಬಂದೂಕು ಗೋಡೆಯ ಗೂಟಕ್ಕೆ ತೂಗುತ್ತದೆ. ಅದರ ಸಂಸಾರವೆಲ್ಲ ಅಡುಗೆಮನೆಯ ಅಟ್ಟದ ಮೇಲೆ: ಡಾಲ್ಡಾ ಡಬ್ಬಿಯಲ್ಲಿ ಕರಿಮದ್ದು, ಸುಣ್ಣದ ಡಬ್ಬಿಯಲ್ಲಿ ಕೇಪು, ಬಟ್ಟೆಯ ಚೀಲದಲ್ಲಿ ಸೀಸದ ಚರೆ, ಜೊತೆಗೆ ಒಂದು ಹಿಡಿ ತೆಂಗಿನ ನಾರು. ಇಂಥ ಬಂದೂಕಿಗೆ ಸಿದ್ಧವಾದ ತೋಟಾ ಇಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಸರಳಿನಿಂದ ಕುಟ್ಟಿ, ಚರೆ ಹಾಕಿ, ಮೇಲೆ ಮತ್ತೆ ನಾರು ಕುಟ್ಟಿ, ಕೊನೆಗೆ ಕೇಪು ಕೂರಿಸಬೇಕು. ಅಮೆರಿಕದಲ್ಲಿ ಖಾಲಿ ತೋಟಾಗಳನ್ನು ಕೂಡಿಟ್ಟು ಮನೆಯಲ್ಲೇ ಯಂತ್ರದ ಮೇಲೆ ಮತ್ತೆ ತುಂಬಿಕೊಳ್ಳುವವರು ಬಹಳ ಮಂದಿ. ಅವರು ಹಿತ್ತಾಳೆಯ ತೋಟಾದೊಳಗೆ ಮಾಡುವುದನ್ನು ಅಜ್ಜ ನಳಿಗೆಯೊಳಗೇ ಮಾಡುತ್ತಾನೆ, ಅಷ್ಟೇ ವ್ಯತ್ಯಾಸ.

ಅದರಲ್ಲೂ ಅಜ್ಜ ಚರೆ ಹಾಕುವುದು ಅಪರೂಪ. ಕರಡಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಅದಕ್ಕೆ ಗುಂಡು ತಾಗಿದರೆ ಬೆಳೆಯ ಜೊತೆ ಅಜ್ಜನೂ ಹೋದಂತೆ. ಹಂದಿಯನ್ನೂ ಅಪ್ಪಣೆಯಿಲ್ಲದೆ ಹೊಡೆಯುವಂತಿಲ್ಲ. ಬರೀ ಮದ್ದು, ನಾರು, ಕೇಪು. ಢಂ ಎಂದರೆ ಹಿಂಡು ಪಕ್ಕದವನ ಹೊಲಕ್ಕೆ ಹೋಗುತ್ತದೆ. ಪಕ್ಕದವನು ಅಲ್ಲಿಂದ ತಗಡು ಬಡಿದು ಹಿಂದಕ್ಕೆ ಕಳಿಸುತ್ತಾನೆ.

ಒಂದು ಸುಗ್ಗಿಗೆ ಹೆಚ್ಚೆಂದರೆ ಹತ್ತು ಹನ್ನೆರಡು ಸಲ ಸಿಡಿಸಿದರೆ ದೊಡ್ಡದು. ಡಬ್ಬಿಯಲ್ಲಿರುವುದು ನಾಲ್ಕೈದು ಸುಗ್ಗಿಗಾಗುವಷ್ಟು. ಯಾಕಿಷ್ಟು ಎಂದು ಕೇಳಿದರೆ ಅಜ್ಜ ಒಂದು ರಾತ್ರಿಯ ಕಥೆ ಹೇಳುತ್ತಾನೆ. ಆ ವರ್ಷ ಉಳಿದಿದ್ದು ಮೂರೇ ಕೇಪು. ಜಿಟಿಜಿಟಿ ಮಳೆ. ಹಂದಿ ಬಂದವು. ಮೊದಲನೆಯ ಕೇಪು ಟಕ್ ಎಂದಿತು, ಎರಡನೆಯದೂ ಟಕ್ ಎಂದಿತು, ಮೂರನೆಯದು ಅದನ್ನೂ ಅನ್ನಲಿಲ್ಲ. ಬೆಳಗಾಗುವಾಗ ಒಂದು ಎಕರೆ ಶೇಂಗಾ ನೇಗಿಲು ಹೊಡೆದಂತಾಗಿತ್ತು. ಸೊಸೈಟಿಯ ಸಾಲ ಮಾತ್ರ ಹಾಗೇ ಇತ್ತು.

ಅದೊಂದೇ ಕಾರಣವಲ್ಲ. ಮದ್ದು ಕೇಪು ಮಾರಲು ಪರವಾನಗಿ ಇರುವ ಅಂಗಡಿ ಕಿರಾಣಿ ಅಂಗಡಿಯಂತೆ ಊರೂರಲ್ಲಿರುವುದಿಲ್ಲ. ಹೋದ ದಿನ ಬಾಗಿಲು ತೆರೆದಿರಬೇಕು, ಮಾಲು ಬಂದಿರಬೇಕು, ಪರವಾನಗಿ ಪುಸ್ತಕ ನವೀಕರಣವಾಗಿರಬೇಕು. ಹರಪನಹಳ್ಳಿಯಲ್ಲಿರುವ ಅಜ್ಜನ ಬೀಗರ ಕಥೆ ಇನ್ನೂ ಸೊಗಸು. 1997ರಲ್ಲಿ ಆ ತಾಲ್ಲೂಕು ಬಳ್ಳಾರಿ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆ ವಿಜಯನಗರ ಜಿಲ್ಲೆಯಾಯಿತು. ಬಂದೂಕು ಗೂಟ ಬಿಟ್ಟು ಅಲುಗದೆ ಮೂರು ಜಿಲ್ಲೆ ನೋಡಿತು. ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುವ ಕೆಲಸ ಬೇರೆ. ಇಷ್ಟೆಲ್ಲ ನೋಡಿದವನು, ಸಿಕ್ಕಿದಾಗ ತಂದಿಟ್ಟುಕೊಳ್ಳೋಣ ಎಂದುಕೊಂಡರೆ ತಪ್ಪೆನ್ನುವುದು ಕಷ್ಟ.

ಇನ್ನೊಂದು ತಮಾಷೆಯಿದೆ. ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂದು ಪರವಾನಗಿಯಲ್ಲೇ ಬರೆದಿರುತ್ತದೆ. ಇದಕ್ಕಿಂತ ಹೆಚ್ಚು ಬೇಡ ಎಂಬುದು ಸರ್ಕಾರದ ಅರ್ಥ, ಇಷ್ಟು ನನ್ನ ಪಾಲು ಎಂಬುದು ಅಜ್ಜನ ಅರ್ಥ. ರೇಷನ್ ಸೀಮೆಎಣ್ಣೆ ಸಿಗುತ್ತಿದ್ದ ಕಾಲದಲ್ಲಿ ಬೇಕಿರಲಿ ಬಿಡಲಿ ಡಬ್ಬ ಹಿಡಿದು ಸಾಲಿನಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೊಡಗಿನಲ್ಲಿ ಕೋವಿ ಮನೆದೇವರ ಪಕ್ಕದಲ್ಲಿ ಕೂರುತ್ತದೆ, ಕೈಲ್‌ಪೊಳ್ದಿನಲ್ಲಿ ಪೂಜೆ ಪಡೆಯುತ್ತದೆ. ಬಯಲುಸೀಮೆಯ ಬಂದೂಕಿಗೆ ಆ ಗೌರವವಿಲ್ಲ. ಅದು ಕುಡುಗೋಲಿನ ಜಾತಿ. ಇಲ್ಲಿ ಕೂಡಿಡುವುದು ಶೌರ್ಯಕ್ಕಲ್ಲ, ಬರದ ನೆನಪಿಗೆ. 1876ರಿಂದ 1878ರವರೆಗಿನ ಧಾತು ಬರ ಬಳ್ಳಾರಿ ಜಿಲ್ಲೆಯನ್ನು ಹಿಂಡಿಹಾಕಿತ್ತು. ಅಂಥ ಬರಗಳನ್ನು ಕಂಡ ನಾಡಿನಲ್ಲಿ ಜನ ಹಗೇವು ತೋಡಿ ಜೋಳ ಹೂಳಿಟ್ಟರು. ಹಗೇವಿನ ಬಾಯಿ ಮುಚ್ಚಿದ್ದರೆ ಮನೆಯೊಡತಿಗೆ ನಿದ್ದೆ, ಅಟ್ಟದ ಡಬ್ಬಿ ತುಂಬಿದ್ದರೆ ಅಜ್ಜನಿಗೆ ನಿದ್ದೆ.

ಆದರೆ ಜೋಳ ಕೂಡಿಟ್ಟವನ ಲೆಕ್ಕ ಬೇರೆ, ಪೇಟೆಯಿಂದ ತಂದು ಕೂಡಿಡುವವನ ಲೆಕ್ಕ ಬೇರೆ. ಕೊಟ್ಟೂರು ತೇರಿಗೆ ಹೋದಾಗ ಯಾರೋ, "ಇನ್ನ ಮ್ಯಾಲೆ ಕೇಪು ಸಿಗೋದಿಲ್ಲಂತೆ" ಎಂದರು. ಆ ವಾರ ಅಂಗಡಿಗೆ ಹೋದವರೆಲ್ಲ ಎರಡು ಡಬ್ಬಿ ತಂದರು, ಮುಂದಿನ ವಾರ ಹೋದವರಿಗೆ ನಿಜಕ್ಕೂ ಸಿಗಲಿಲ್ಲ. ಅಂತೆ ಎನ್ನುವುದು ತನ್ನನ್ನು ತಾನೇ ನಿಜ ಮಾಡಿಕೊಂಡಿತು. ಅಮೆರಿಕದಲ್ಲಿ ಇದೇ ಆಟ ದೊಡ್ಡದಾಗಿ ನಡೆಯಿತು. 2008ರಲ್ಲಿ ಹೊಸ ಅಧ್ಯಕ್ಷ ಆಯ್ಕೆಯಾದಾಗ ಕಾನೂನು ಬಿಗಿಯಾಗುತ್ತದೆಂದು ಕೊಂಡರು. 2012ರ ಕೊನೆಯಲ್ಲಿ ಒಂದು ಶಾಲೆಯಲ್ಲಿ ಮಕ್ಕಳ ಹತ್ಯೆಯಾದ ಮೇಲೆ ಮತ್ತೆ ಕೊಂಡರು. ಅತ್ಯಂತ ಅಗ್ಗದ, ಮಕ್ಕಳು ಗುರಿ ಕಲಿಯುವ ಪಾಯಿಂಟ್ ಟೂಟೂ ಗುಂಡು ಕೂಡ 2013ರಲ್ಲಿ ಅಂಗಡಿಗಳಲ್ಲಿ ಮಾಯವಾಯಿತು. 2020ರಲ್ಲಿ ಕೊರೋನಾ ಬಂದಾಗ ತೋಟಾದ ಕೇಪಿಗೇ ಬರ ಬಂತು. ಮದ್ದು, ಗುಂಡು, ಖಾಲಿ ತೋಟಾ ಎಲ್ಲ ಇದ್ದು ಕೇಪಿಲ್ಲದೆ ಕುಳಿತವರು ಎಷ್ಟೋ ಮಂದಿ. ಅಜ್ಜನ ಆ ರಾತ್ರಿ ಅವರಿಗೂ ಬಂದಿತ್ತು.

ಅಷ್ಟು ದೂರ ಯಾಕೆ, ತುಂಗಭದ್ರೆಯ ಆಚೆ ದಂಡೆಯ ಹಾವೇರಿಯನ್ನೇ ನೋಡಬಹುದು. 2008ರ ಜೂನ್ 10ರಂದು ಅಲ್ಲಿ ಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು, ಜೀವ ಹೋಯಿತು. ಅಂದಿನಿಂದ ಮುಂಗಾರಿಗೆ ಮೊದಲೇ ನಾಲ್ಕು ಚೀಲ ಗೊಬ್ಬರ ಪಡಸಾಲೆಯಲ್ಲಿ ಒಟ್ಟಿಕೊಳ್ಳುವವನನ್ನು ಯಾರೂ ಆಸೆಬುರುಕ ಎನ್ನುವುದಿಲ್ಲ. ಅವನು ಒಟ್ಟಿಕೊಂಡಿದ್ದರಿಂದ ಇನ್ನೊಬ್ಬನಿಗೆ ಸಿಗಲಿಲ್ಲ ಎಂಬುದೂ ಸುಳ್ಳಲ್ಲ.

ಕೂಡಿಟ್ಟದ್ದು ಉಳಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಪೆಟ್ಲುಪ್ಪು, ಗಂಧಕ, ಇದ್ದಲು ಸೇರಿದ ಕರಿಮದ್ದು ಒಣಗಿದ್ದರೆ ತಲೆಮಾರು ಕಳೆದರೂ ಕೆಡುವುದಿಲ್ಲ. 1865ರಲ್ಲಿ ಮುಗಿದ ಅಮೆರಿಕದ ಅಂತರ್ಯುದ್ಧದ ಒಂದು ಫಿರಂಗಿ ಗುಂಡು 2008ರಲ್ಲಿ ವರ್ಜೀನಿಯಾದಲ್ಲಿ, ಅದನ್ನು ಶುಚಿ ಮಾಡುತ್ತಿದ್ದವನ ಕೈಯಲ್ಲೇ ಸಿಡಿದು ಪ್ರಾಣ ತೆಗೆಯಿತು. ಒಮ್ಮೆ ನೆನೆದರೆ ಮಾತ್ರ ಪೆಟ್ಲುಪ್ಪು ಕರಗಿ, ಒಣಗುವಾಗ ಬೇರೆಯಾಗಿ ಹರಳುಗಟ್ಟುತ್ತದೆ. ಬಿಸಿಲಿಗೆ ಹರವಿದರೂ ಹಳೆಯ ಕಸುವು ಬರುವುದಿಲ್ಲ. ಈಗಿನ ತೋಟಾಗಳ ಹೊಗೆರಹಿತ ಮದ್ದಿನದು ತಿರುವುಮುರುವು. ಅದು ಡಬ್ಬಿಯೊಳಗೇ ಮೆಲ್ಲಗೆ ಒಡೆಯುತ್ತಿರುತ್ತದೆ, ಬಳ್ಳಾರಿ ಸೀಮೆಯಂಥ ಬಿಸಿಲು ಅದಕ್ಕೆ ಶತ್ರು. ಎಲ್ಲಕ್ಕಿಂತ ನಾಜೂಕು ಕೇಪು. ತೇವ, ಎಣ್ಣೆ ಎರಡೂ ಅದಕ್ಕಾಗದು.

ಒಣಗಿರಲೆಂದೇ ಅಜ್ಜ ಡಬ್ಬಿಯನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದು. ಒಣಗಿದ ಕರಿಮದ್ದಿಗೆ ಒಂದು ಕಿಡಿ ಸಾಕು, ಕಿಡಿ ಏಳುವುದು ಆ ಮನೆಯಲ್ಲಿ ಅದೊಂದೇ ಕಡೆ. ಇಪ್ಪತ್ತು ವರ್ಷ ಇದು ಯಾರಿಗೂ ಹೊಳೆದಿರಲಿಲ್ಲ. ಒಂದು ದಿನ ಸೊಸೆ ಒಲೆ ಊದುತ್ತಿದ್ದಾಗ ತೊಗರಿಕಟ್ಟಿಗೆ ಚಟಪಟನೆ ಸಿಡಿದು, ಕಿಡಿಗಳು ಮೇಲಕ್ಕೆ ಹಾರಿದವು. ಅವಳು ಊದುಗೊಳವೆ ಹಿಡಿದು ಹಾಗೇ ಮೇಲೆ ನೋಡಿದಳು.

"ಮಾವಾ, ಆ ಡಬ್ಬಿ ಅಲ್ಲಿಂದ ತಗೀರಿ. ಮನ್ಯಾಗ ಹುಡುಗ್ರು ಅದಾವು."

"ಇರ್ಲಿ ಬಿಡವ್ವ, ಅದೇನು ಉಣ್ಣಾಕ ಕೇಳ್ತೈತಾ?"

"ಅದು ಕೇಳೋದಿಲ್ಲ. ಹಂದಿ ಒಂದು ಎಕರೆ ತಿಂತಾವ, ಇದು ಮನೀನ ತಿಂತೈತಿ. ನೀವು ತಗೀಲಿಲ್ಲಂದ್ರ ನಾನು ಈ ಒಲಿ ಹಚ್ಚೋದಿಲ್ಲ."

ಆ ದಿನ ಮಧ್ಯಾಹ್ನದ ತನಕ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಅಜ್ಜ ಗೊಣಗುತ್ತ ಏಣಿ ಹತ್ತಿದ. ಡಬ್ಬಿ ಕೆಳಗಿಳಿಸಿ, ಕೇಪುಗಳನ್ನು ಹಗ್ಗದ ಮಂಚದ ಮೇಲೆ ಬಟ್ಟೆ ಹಾಸಿ ಎಣಿಸಿದ. ಹಸಿರು ಹಿಡಿದವನ್ನು ಬೇರೆ ಮಾಡಿದ, ಅರ್ಧಕ್ಕರ್ಧ ಅವೇ ಇದ್ದವು. ಇಷ್ಟು ವರ್ಷ ಕೂಡಿಟ್ಟಿದ್ದೇನೆಂದು ನೆಚ್ಚಿಕೊಂಡಿದ್ದರಲ್ಲಿ ಅರ್ಧ ಇರಲೇ ಇಲ್ಲ ಎಂದು ತಿಳಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ.

ಈಗ ಮದ್ದು ಒಲೆಯಿಂದ ದೂರ, ಹಿತ್ತಲ ಕೋಣೆಯ ಮರದ ಪೆಟ್ಟಿಗೆಯಲ್ಲಿದೆ. ಕೇಪು ಬೇರೆ ಗೂಡಿನಲ್ಲಿ. ಬೀಗದ ಕೈ ಸೊಸೆಯ ಸೊಂಟದಲ್ಲಿ, ಜೋಳದ ಕೋಣೆಯ ಕೀಲಿಯ ಜೊತೆಗೇ ಇದೆ. ಸುಗ್ಗಿಯ ಸಂಜೆ ಅಜ್ಜ ಕಂಬಳಿ ಹೊದ್ದು ಹೊಲಕ್ಕೆ ಹೊರಡುವಾಗ ಅವಳ ಮುಂದೆ ನಿಲ್ಲಬೇಕು.

"ಎಷ್ಟು ಬೇಕು ಮಾವಾ?"

"ಮೂರು ಕೇಪು ಸಾಕವ್ವ."

ಅವಳು ಮೂರು ಎಣಿಸಿ ಕೊಡುತ್ತಾಳೆ. ಮೋಡದ ಕಡೆಗೊಮ್ಮೆ ನೋಡಿ, ಇನ್ನೊಂದನ್ನು ತೆಗೆದು ಅವನ ಅಂಗೈಯಲ್ಲಿಡುತ್ತಾಳೆ.