ನಿಂಬೆ ಗಿಡದ ಸೂರಕ್ಕಿ

ಮೊನ್ನೆ ಹಾಕಿದ ಸೂರಕ್ಕಿ ಫೋಟೋ ನೋಡಿ ಮೂರ್ನಾಲ್ಕು ಜನ ಫೋನ್ ಮಾಡಿದ್ರು. "ಅಷ್ಟು ಹತ್ರ ಹೆಂಗೆ ಹೋದ್ರಿ, ಹಾರಿಹೋಗಲಿಲ್ವಾ?" ಅಂತ. ಹತ್ರ ಹೋಗೇ ಇಲ್ಲ ಕಣ್ರಪ್ಪ. ಪಂಪ್‌ಸೆಟ್ ಮನೆ ಬಾಗಿಲಲ್ಲಿ ಕೂತು ನಲವತ್ತು ಅಡಿ ದೂರದಿಂದ ತೆಗೆದಿದ್ದು, ಆಮೇಲೆ ಕತ್ತರಿಸಿದ್ದು. ಮೂಲ ಫೋಟೋದಲ್ಲಿ ಹಕ್ಕಿ ಎಲ್ಲಿದೆ ಅಂತ ಹುಡುಕಬೇಕು. ಮಿಕ್ಕಿದ್ದೆಲ್ಲ ನಿಂಬೆ ಎಲೆ, ಡ್ರಿಪ್ ಪೈಪು, ಹಿಂದೆ ಮಸುಕಾಗಿ ನಮ್ಮ ಎಮ್ಮೆ.

ದೂರ ಕೂರೋದನ್ನ ನಾನು ಕಲಿತದ್ದು ತಪ್ಪು ಮಾಡಿ.

ಎರಡು ವರ್ಷದ ಹಿಂದೆ ಅಳಿಯ ಹೊಸ ಕ್ಯಾಮೆರಾ ತಗೊಂಡು ಹಳೇದನ್ನ 300 ಎಂಎಂ ಲೆನ್ಸ್ ಸಮೇತ ನನಗೆ ಕೊಟ್ಟ. ಅದೇ ಸಮಯಕ್ಕೆ ಇದೇ ನಿಂಬೆ ಗಿಡದಲ್ಲಿ ಸೂರಕ್ಕಿ ಗೂಡು ಕಟ್ಟಿತ್ತು. ನೋಡಿದವರಿಗೆ ಗೊತ್ತು, ಜೇಡರ ಬಲೆಗೆ ಕಸ ಸಿಕ್ಕಿ ನೇತಾಡ್ತಿದೆ ಅನ್ನೋ ಹಂಗಿರುತ್ತೆ. ತೊಗಟೆ ಚೂರು, ಒಣ ಎಲೆ, ಪಕ್ಕದಲ್ಲೊಂದು ಬಾಗಿಲು, ಅದರ ಮೇಲೆ ಸಣ್ಣ ಸೂರು. ಆ ಬಾಗಿಲಿಗೆ ಅಡ್ಡವಾಗಿ ಎರಡು ರೆಂಬೆ. ಫೋಟೋ ಕ್ಲೀನಾಗಿ ಬರಲಿ ಅಂತ ಕತ್ತರಿ ತಗೊಂಡು ಎರಡನ್ನೂ ಕತ್ತರಿಸಿಬಿಟ್ಟೆ.

ಫೋಟೋ ಏನೋ ಚೆನ್ನಾಗೇ ಬಂತು. ಎರಡು ಮರಿ ಬಾಯಿ ತೆರೆದಿರೋದು ಕಾಣ್ತಿತ್ತು. ಎಲ್ಲರೂ ಹೊಗಳಿದ್ರಿ.

ಮೂರನೇ ದಿನ ಬೆಳಿಗ್ಗೆ ಗೂಡು ಹರಿದು ನೇತಾಡ್ತಿತ್ತು, ಒಳಗೆ ಏನೂ ಇಲ್ಲ. ಕೆಂಬೂತವೋ ಕಾಗೆಯೋ, ನಾನು ನೋಡಿಲ್ಲ. ತಾಯಿಹಕ್ಕಿ ಕೊಕ್ಕಲ್ಲಿ ಹುಳ ಹಿಡ್ಕೊಂಡು ಮಧ್ಯಾಹ್ನದವರೆಗೂ ಅಲ್ಲೇ ಸುತ್ತಾಡ್ತಿತ್ತು. ನಮ್ಮ ಮನೆಯವಳು ಒಂದೇ ಮಾತು ಅಂದ್ಲು: "ನಿಮಗೆ ಅಡ್ಡ ಆಗಿದ್ದು ಅದಕ್ಕೆ ಮರೆ ಆಗಿತ್ತು." ಆ ಫೋಟೋನ ಪೇಜಿನಿಂದ ತೆಗೆದೆ. ಫೋನಲ್ಲಿ ಇನ್ನೂ ಇದೆ, ಅಳಿಸೋಕೆ ಮನಸ್ಸು ಬಂದಿಲ್ಲ.

ಆವತ್ತಿಂದ ಗಿಡಕ್ಕೆ ಕತ್ತರಿ ಹಾಕಲ್ಲ, ಫೋಟೋಗೆ ಹಾಕ್ತೀನಿ. ಕೇಳಿದವರಿಗೆ ಲೆಕ್ಕ ಹೇಳ್ತೀನಿ. ನನ್ನದು 24 ಮೆಗಾಪಿಕ್ಸೆಲ್, ಅಂದ್ರೆ ಅಗಲಕ್ಕೆ 6000 ಚುಕ್ಕೆ, ಎತ್ತರಕ್ಕೆ 4000. ಎರಡೂ ಕಡೆ ಮೂರರಲ್ಲಿ ಒಂದು ಪಾಲು ಉಳಿಸಿಕೊಂಡ್ರೂ 2000ಕ್ಕೆ 1333 ಸಿಗುತ್ತೆ. ಫೋನಲ್ಲಿ ನೋಡೋಕೆ ಧಾರಾಳ, ಸ್ಟುಡಿಯೋದಲ್ಲಿ 6 ಇಂಚು ಅಗಲ 4 ಇಂಚು ಎತ್ತರದ ಪ್ರಿಂಟೂ ಚೆನ್ನಾಗಿ ಬರುತ್ತೆ. ಅದಕ್ಕಿಂತ ಕತ್ತರಿಸಿದ್ರೆ ಪುಕ್ಕ ಎಲ್ಲ ಕಲಸಿದ ಬಣ್ಣ. ಮೂಲ ಫೋಟೋ ಹಾಗೇ ಇಟ್ಟು ನಕಲನ್ನ ಮಾತ್ರ ಕತ್ತರಿಸಿ.

ಕಣ್ಣು ಸ್ಪಷ್ಟ ಇಲ್ಲ ಅಂದ್ರೆ ಕತ್ತರಿಸೋ ಕೆಲಸವೇ ಬೇಡ, ಬಿಟ್ಟುಬಿಡಿ. ಹಕ್ಕಿ ಮುಖ ಮಾಡಿದ ಕಡೆ ಜಾಗ ಜಾಸ್ತಿ ಬಿಡಿ, ಬೆನ್ನ ಹಿಂದೆ ಕಮ್ಮಿ ಸಾಕು. ಸೂರಕ್ಕಿಯ ಬಾಗಿದ ಕೊಕ್ಕಿನ ಮುಂದೇ ಫೋಟೋ ಮುಗಿದ್ರೆ ಗೋಡೆಗೆ ಮೂಗು ತಾಗಿಸಿ ನಿಲ್ಲಿಸಿದಂಗೆ. ನಾನು ಮೊದಮೊದಲು ಹಕ್ಕಿ ದೊಡ್ಡದಾಗಿ ಕಾಣಲಿ ಅಂತ ಬಾಲದವರೆಗೆ ಬಿಗಿಯಾಗಿ ಕತ್ತರಿಸ್ತಿದ್ದೆ. ಅಂಗೈಯೊಳಗೆ ಮುಚ್ಚಿಹೋಗೋ ಹಕ್ಕಿ ಕೋಳಿಯಷ್ಟು ಕಾಣ್ತಿತ್ತು! ಈಗ ಪಕ್ಕದಲ್ಲಿ ಒಂದು ನಿಂಬೆ ಎಲೆಯಾದ್ರೂ ಉಳಿಸ್ತೀನಿ, ಗಾತ್ರ ಗೊತ್ತಾಗುತ್ತೆ.

ಮೊನ್ನೆ ಫೋಟೋದಲ್ಲಿ ಬಾಲದ ಮೇಲೆ ಒಂದು ಎಲೆ ಅಡ್ಡ ಬಂದಿದೆ, ಅದನ್ನ ಸರಿಸಿ ಇನ್ನೊಂದು ತೆಗೀರಿ ಅಂತ ಒಬ್ಬರು ಹೇಳಿದ್ರು. ಈ ಸಲವೂ ಅಲ್ಲೇ ಗೂಡಿದೆ ಸ್ವಾಮಿ. ಎಲೆ ಅಲ್ಲೇ ಇರಲಿ.